ಮೇಲಿನಕ್ಕ ಆರಿಸಿದ ಬಣ್ಣ

ಮೇಲಿನಕ್ಕನ ಎಡಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕು ಮುರಿದದ್ದು ನೆಟ್ಟಗೇ ಕೂಡಿಕೊಂಡುಬಿಟ್ಟಿತ್ತಂತೆ. ಬಸಿಯಲ್ಲಿ ಚಹಾ ಹೀರುವಾಗ, ಸೆರಗು ಸಿಕ್ಕಿಸುವಾಗ, ಕೊಡ ಎತ್ತುವಾಗ ಅದೊಂದು ಬೆರಳು ಸಿರಿವಂತರ ಮನೆಯ ಸೊಸೆಯಂತೆ ಉಳಿದವುಗಳಿಂದ ದೂರ ನಿಂತಿರುತ್ತಿತ್ತು. ನಾನು ಹಾಗೆಂದು ಚೇಷ್ಟೆ ಮಾಡಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ನಗು ನೆನಪಾದರೆ ನನಗೆ ಈಗಲೂ ಮೊದಲು ಬರುವುದು ಸಿಟ್ಟೇ.

ಅವರು ಮೇಲೆ, ನಾವು ಕೆಳಗೆ. ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯ ಆ ಹಳೆಯ ಮನೆ ಅವರದು ಮತ್ತು ಅವರ ಮೈದುನನದು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮೈದುನ ಹೆಂಡತಿಯೊಂದಿಗೆ ಊರ ಹೊರಗಿನ ಅಪಾರ್ಟ್‌ಮೆಂಟಿನಲ್ಲಿದ್ದ. ನನ್ನ ಮಗಳು ಅಂಗನವಾಡಿಗೆ ಹೋಗುವ ಕಾಲಕ್ಕೆ ನಾವು ಬಾಡಿಗೆಗೆ ಬಂದವರು, ಅವಳು ಮದುವೆಯಾಗಿ ಸಿಕಂದರಾಬಾದಿಗೆ ಹೋದ ಮೇಲೂ ಅಲ್ಲೇ ಇದ್ದೆವು. ಅಕ್ಕ ಕಲಬುರಗಿಯವರು, ನಾನು ಬೀದರದ ಕಡೆಯವಳು. ಅಕ್ಕ ತರಕಾರಿಯವಳ ಹತ್ತಿರ ತೆಲುಗು, ಆಟೋದವನ ಹತ್ತಿರ ಹಿಂದಿ, ಬೈಯುವುದಕ್ಕೆ ಮಾತ್ರ ಕನ್ನಡ ಬಳಸುತ್ತಿದ್ದರು. ಹಾಗಾಗಿ ಅವರ ಕನ್ನಡದ ಹೆಚ್ಚಿನ ಪಾಲು ನನಗೇ ಸಿಗುತ್ತಿತ್ತು.

ಅವರು ಮೇಲೆ ಕೂತು ಬ್ಲೌಸು ಹೊಲಿಯುತ್ತಿದ್ದರು, ನಾನು ಕೆಳಗೆ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದೆ. ಹಾಸ್ಟೆಲಿನ ಹುಡುಗರು, ಕಟ್ಟಡದ ಕೆಲಸಕ್ಕೆ ಬಂದ ರಾಯಚೂರು, ಯಾದಗಿರಿಯ ಜನ, ಭಾನುವಾರ ಮೆಟ್ರೋ ಹಿಡಿದು ಬರುವ ಐಟಿಯವರು ನನ್ನ ಗಿರಾಕಿಗಳು. ನನ್ನಿಂದ ಏನಾದರೂ ಬೇಕಾದರೆ ಅಕ್ಕ ಲಟ್ಟಣಿಗೆಯಿಂದ ನೆಲ ಕುಟ್ಟುತ್ತಿದ್ದರು, ನಮ್ಮ ಮಾಳಿಗೆಯಿಂದ ಮಣ್ಣು ಉದುರುತ್ತಿತ್ತು. ಮನೆಯವರಿಗೆ ಕಾಮಾಲೆಯಾಗಿ ನಾನು ಆಸ್ಪತ್ರೆಗೆ ಅಲೆಯುತ್ತಿದ್ದಾಗ ಒಲೆಯ ಮುಂದೆ ಕೂತು ಗಿರಾಕಿಗಳಿಗೆ ರೊಟ್ಟಿ ಬಡಿದುಕೊಟ್ಟವರೂ ಅವರೇ. ಏನು ಸಂಕಟ ಹೇಳಿಕೊಂಡರೂ ಒಂದೇ ಉತ್ತರ: “ನಾ ಅದೀನಲ್ಲ.” ನಾನು ಅದನ್ನು ನಂಬಿದ್ದೆ.

ರೊಟ್ಟಿ ಬಡಿಯುವ ಅಡಿಗೆಮನೆ ಉಳಿದ ಅಡಿಗೆಮನೆಗಳಂತಲ್ಲ. ಬಡಿಯುವಾಗ ಹಿಟ್ಟು ಹಾರುತ್ತದೆ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಾಗ ಹಬೆ ಏಳುತ್ತದೆ. ಎರಡೂ ಗೋಡೆಗೆ ಹೋಗಿ ಕೂತು ಒಲೆಯ ಕಾವಿಗೆ ಗಂಜಿಯಂತೆ ಗಟ್ಟಿಯಾಗುತ್ತವೆ. ತಿಕ್ಕಿ ಒರೆಸಿದರೆ ಆ ಗಂಜಿಯ ಜೊತೆಗೆ ಡಿಸ್ಟೆಂಪರೂ ಕಿತ್ತು ಬರುತ್ತಿತ್ತು. ಅದರ ಕೆಳಗಿನ ಹಳೆಯ ಸುಣ್ಣ ಹಿಟ್ಟಿನ ಪರಾತಕ್ಕೆ ಉದುರುತ್ತಿತ್ತು. ಯುಗಾದಿ ಕಳೆದ ಮೇಲೆ ಒಂದು ದಿನ ಗಿರಾಕಿಯೊಬ್ಬ ರೊಟ್ಟಿಯೊಳಗಿನ ಸುಣ್ಣದ ಚೂರನ್ನು ಎಲ್ಲರೆದುರು ಎತ್ತಿ ತೋರಿಸಿದ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಇನ್ನು ಹೀಗೇ ಬಿಟ್ಟರೆ ನನ್ನ ಒಲೆ ಆರುತ್ತದೆ ಎಂದು ಅಕ್ಕನ ಮುಂದೆ ಅತ್ತೆ.

ಅಕ್ಕ ಮರುದಿನವೇ ನನ್ನನ್ನು ಬಣ್ಣದ ಅಂಗಡಿಗೆ ಎಳೆದುಕೊಂಡು ಹೋದರು. ಅಂಗಡಿಯವನು ಮೂರು ನಮೂನೆ ಹೇಳಿದ: ಡಿಸ್ಟೆಂಪರ್, ತೊಳೆಯಬಹುದಾದ ಎಮಲ್ಷನ್, ಆಯಿಲ್ ಪೇಂಟ್. ಅವನ ಮಾತು ಅಕ್ಕನಿಗೆ ಸಾಕಾಗಲಿಲ್ಲ. ಮೂರರ ಚಿಕ್ಕ ಡಬ್ಬಿಗಳನ್ನು ತಂದು, ಒಲೆಯ ಹಿಂದಿನ ಗೋಡೆ ಕೆರೆದು, ಅಂಗೈ ಅಗಲದ ಮೂರು ಪಟ್ಟಿ ಹಚ್ಚಿದರು. ಒಣಗಿದ ಮೇಲೆ ಒಂದು ವಾರ ದಿನವೂ ಇಳಿದು ಬಂದು ಅವಕ್ಕೆ ಅರಿಶಿನದ ಎಣ್ಣೆ ಸವರುವುದು, ಮರುದಿನ ಸೋಪಿನ ನೀರಲ್ಲಿ ತಿಕ್ಕುವುದು. ಡಿಸ್ಟೆಂಪರು ಮೊದಲ ದಿನವೇ ಬಟ್ಟೆಗೆ ಬಂತು. ಎಮಲ್ಷನ್ ಉಳಿಯಿತು, ಅರಿಶಿನದ ಕಲೆಯೂ ಉಳಿಯಿತು. ಆಯಿಲ್ ಪೇಂಟು ಮಾತ್ರ ಏನೂ ಆಗಿಲ್ಲವೆಂಬಂತೆ ಹೊಳೆಯುತ್ತಿತ್ತು. ನಾನು ಬಿಳಿ ಸಾಕೆಂದೆ. ಬೆಳಕು ಕಡಿಮೆ ಇರುವ ಅಡಿಗೆಮನೆಯಲ್ಲಿ ಬಿಳಿ ಆಯಿಲ್ ಪೇಂಟು ವರ್ಷದೊಳಗೆ ಹಳದಿಗೆ ತಿರುಗುತ್ತದೆ ಎಂದು ಜಗಳ ತೆಗೆದು, ತಾವೇ ಪಿಸ್ತಾ ಬಣ್ಣ ಆರಿಸಿದರು.

ಆ ವಾರದಲ್ಲೇ ನನ್ನ ತಮ್ಮ ಮಲಕಪೇಟೆಯಲ್ಲಿ ಒಂದು ಮನೆ ನೋಡಿದ್ದ. ನೆಲ ಅಂತಸ್ತು, ಅಡಿಗೆಮನೆಗೆ ಬೇರೆ ಬಾಗಿಲು, ಒಲೆಯ ಹಿಂದೆ ಆಳೆತ್ತರ ಟೈಲ್ಸು. ಮನೆಯವರಿಗೂ ಮನಸ್ಸಿತ್ತು. ನಾನು ಅಕ್ಕನನ್ನು ಕೇಳದೆ ಯಾವತ್ತು ಏನು ಮಾಡಿದವಳು? ಅವರು ಪಟ್ಟಿ ತಿಕ್ಕುತ್ತಿದ್ದಾಗ ವಿಷಯ ಹೇಳಿದೆ. ಅವರು ತಿರುಗಿ ನೋಡಲಿಲ್ಲ.

“ಮಲಕಪೇಟಿಗೆ ಹೋಗಿ ಏನ್ ಮಾಡ್ತಿ? ನಿನ್ನ ಗಿರಾಕಿ ಅಷ್ಟ್ ದೂರ ಬರ್ತಾರೇನು? ಇದನ್ನ ಹಚ್ಚಿದ್ರ ಹತ್ತ್ ವರ್ಷ ಗ್ವಾಡಿ ಕಡೆ ನೋಡೂದ ಬ್ಯಾಡ. ನಾ ಅದೀನಲ್ಲ.”

ಸಂಜೆಯೇ ತಮ್ಮನಿಗೆ ಫೋನು ಮಾಡಿ ಬೇಡವೆಂದೆ. ಅವನು ಎರಡು ಸಲ ಕೇಳಿದ. ಎರಡು ಸಲವೂ ಬೇಡವೆಂದೆ.

ಬೇಸಿಗೆ ಮುಗಿಯುವುದರೊಳಗೆ ಕೆಲಸ ಹಿಡಿದೆವು. ಹಳೆಯ ಡಿಸ್ಟೆಂಪರನ್ನು ಪೂರ್ತಿ ಕೆರೆಯಬೇಕು, ಇಲ್ಲದಿದ್ದರೆ ಅದರ ಮೇಲಿನ ಆಯಿಲ್ ಪೇಂಟು ಹಪ್ಪಳದ ಹಾಗೆ ಎದ್ದುಬರುತ್ತದೆ. ಇಬ್ಬರೂ ತಲೆಗೆ ಟವೆಲು ಕಟ್ಟಿಕೊಂಡು ಕೆರೆದೆವು, ಗುಂಡಿ ಬಿರುಕುಗಳಿಗೆ ಲಪ್ಪ ಮೆತ್ತಿದೆವು, ಉಜ್ಜಿದೆವು, ಪ್ರೈಮರ್ ಬಳಿದೆವು. ನನ್ನ ಒಲೆ ಹಚ್ಚುವಂತಿರಲಿಲ್ಲವಾದ್ದರಿಂದ ಅಕ್ಕ ತಮ್ಮ ಅಡಿಗೆಮನೆಯನ್ನೇ ಬಿಟ್ಟುಕೊಟ್ಟರು. ಯಾರು ತಮ್ಮ ಉಪ್ಪಿನ ಡಬ್ಬಿ ಮುಟ್ಟಿದರೂ ಮುಖ ಗಂಟು ಹಾಕುತ್ತಿದ್ದ ಹೆಂಗಸು ನನ್ನ ಹಿಟ್ಟಿನ ಧೂಳನ್ನು ನಗುನಗುತ್ತ ಸಹಿಸಿದರು. ಒಡಹುಟ್ಟಿದ ಅಕ್ಕತಂಗಿಯರೂ ಇಷ್ಟು ಮಾಡಲಾರರು ಎಂದು ನಾನು ಮನೆಯವರ ಮುಂದೆ ಹೊಗಳಿದ್ದೇ ಹೊಗಳಿದ್ದು.

ಗೋಡೆಗೆ ಎರಡನೆಯ ಕೈ ಬಳಿದು ಮುಗಿದಿತ್ತು. ಅಕ್ಕ ಸ್ಟೂಲು ಹತ್ತಿ ಮೇಲಿನ ಕಪಾಟಿನ ಬಾಗಿಲಿಗೆ ಬಳಿಯುತ್ತಿದ್ದರು. ಟೇಪು ಹಿಡಿದ ಒಬ್ಬ ಮನುಷ್ಯ ಹೊರಗಿನ ಗೋಡೆ ಅಳೆಯುತ್ತ ಅಳೆಯುತ್ತ ಒಳಗೆ ಬಂದ. ಅಕ್ಕನ ಮೈದುನ ಕಳಿಸಿದ್ದಾರೆಂದ. ಟೇಪಿನ ತುದಿ ಹಿಡಿಯಲು ಬಗ್ಗಿದವನ ಭುಜ ಹಸಿ ಗೋಡೆಗೆ ತಾಗಿ ಅಂಗಿ ಹಸಿರಾಯಿತು. ನಾನು ಪಾಪ ಎಂದು ಸೀಮೆಎಣ್ಣೆಯ ಬಟ್ಟೆ ಕೊಟ್ಟೆ. ಅವನು ಒರೆಸಿಕೊಳ್ಳುತ್ತ ಸುತ್ತ ನೋಡಿದ.

“ಇತ್ತಾ ಅಚ್ಛಾ ಪೇಂಟ್ ಕಾಯ್ಕು ಅಮ್ಮಾ? ದಸರಾ ಕೆ ಬಾದ್ ತೋ ಗಿರಾದೇತೆ ನಾ.”

ದಸರೆಯಾದ ಮೇಲೆ ಕೆಡವುವ ಮನೆಗೆ ಇಷ್ಟು ಒಳ್ಳೆಯ ಬಣ್ಣ ಯಾಕೆ ಎಂದು ಅವನು ಕೇಳುತ್ತಿದ್ದ. ನಾನು ಅಕ್ಕನ ಕಡೆ ನೋಡಿದೆ, ಈ ಹುಚ್ಚನಿಗೆ ವಿಳಾಸ ತಪ್ಪಿದೆ ಎಂದು ಅವರು ಬೈಯುತ್ತಾರೆಂದು ಕಾದೆ. ಅಕ್ಕ ಬೈಯಲಿಲ್ಲ. ಕುಂಚವನ್ನೂ ನಿಲ್ಲಿಸಲಿಲ್ಲ. ಬಳಿದಾಗಿದ್ದ ಹಲಗೆಯನ್ನೇ ಮತ್ತೆ ಮತ್ತೆ ಬಳಿಯುತ್ತಿದ್ದರು. ಅದನ್ನು ಕಂಡು ನನಗೆ ಎಲ್ಲಾ ತಿಳಿಯಿತು.

ಅವನು ಹೋದ ಮೇಲೆ ಕೇಳಿದೆ. ಯುಗಾದಿಗೆ ಮೊದಲೇ ಬಿಲ್ಡರಿಗೆ ಮಾತು ಕೊಟ್ಟು ಸಹಿಯೂ ಆಗಿದೆ, ಮೈದುನನ ಒತ್ತಾಯಕ್ಕೆ ತಾವೂ ಒಪ್ಪಿದ್ದಾಯಿತು ಎಂದರು. ಅಂದರೆ ನಾನು ಅತ್ತ ದಿನ ಅವರಿಗೆ ಗೊತ್ತಿತ್ತು. ಅರಿಶಿನದ ಎಣ್ಣೆ ಸವರುವಾಗ ಗೊತ್ತಿತ್ತು. ಮಲಕಪೇಟೆಯ ಮನೆಗೆ ಅಡ್ಡಗಾಲು ಹಾಕುವಾಗಲೂ ಗೊತ್ತಿತ್ತು. ಯಾಕೆ ಎಂದಷ್ಟೇ ಕೇಳಲು ನನ್ನಿಂದಾಯಿತು. ಅವರು ಸ್ಟೂಲಿನಿಂದ ಇಳಿದು ಅದರ ಮೇಲೆಯೇ ಕೂತರು.

“ಹೇಳಿದ್ರ ನೀ ಅವತ್ತ ಗಂಟು ಕಟ್ತಿದ್ದಿ. ಕೆಳಗ ರೊಟ್ಟಿ ಬಡಿಯೂ ಸಪ್ಪಳ ಇಲ್ಲದ ಮನ್ಯಾಗ ಅಷ್ಟ್ ತಿಂಗಳ ನಾ ಒಬ್ಬಾಕಿ ಹೆಂಗ ಇರ್ಲಿ?”

ನಾನು ಅವರ ಕೈಯಿಂದ ಕುಂಚ ಕಿತ್ತುಕೊಂಡು ಅಂಗಳಕ್ಕೆ ಎಸೆದೆ. ಮಲಕಪೇಟೆಯ ಮನೆ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಮಳೆಗಾಲದ ನಡುವೆ ಅಂಬರಪೇಟೆಯಲ್ಲಿ ಒಂದೂವರೆ ಕೋಣೆ ಹಿಡಿದು ಹೋದೆವು. ಅಲ್ಲಿ ಹೊಗೆಗೆ ದಾರಿಯಿಲ್ಲ, ಅಕ್ಕಪಕ್ಕದವರಿಗೆ ಬಡಿಯುವ ಸದ್ದು ಆಗದು. ಗಿರಾಕಿಗಳು ಚದುರಿ ಹೋದರು. ಈಗ ನಾನು ಬೇರೆಯವರ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತೇನೆ. ಒಲೆ ಅವರದು, ಗೋಡೆಯೂ ಅವರದು. ಸಾಮಾನು ಹೇರುವ ದಿನ ಅಕ್ಕ ಮೆಟ್ಟಿಲ ಮೇಲೆ ಚಹಾ ಹಿಡಿದು ನಿಂತಿದ್ದರು. ನಾನು ಕುಡಿಯಲಿಲ್ಲ.

ಆಮೇಲೆ ಅವರು ಮೈದುನನ ಮನೆಗೆ ಹೋದರು. ಮರುವರ್ಷ ಅಲ್ಲೇ ತೀರಿಕೊಂಡರು. ಸುದ್ದಿ ಕೇಳಿ ನಾನು ಹೋಗಬಾರದೆಂದುಕೊಂಡೆ, ಹಾಗೆಂದುಕೊಳ್ಳುತ್ತಲೇ ಚಪ್ಪಲಿ ಮೆಟ್ಟಿದೆ. ಅವರನ್ನು ನಡುಮನೆಯಲ್ಲಿ ಮಲಗಿಸಿದ್ದರು. ಮೈದುನನ ಹೆಂಡತಿ ನನ್ನನ್ನು ಗುರುತು ಹಿಡಿದಳು. ಅಕ್ಕ ನನ್ನ ಮಾತು ಬಹಳ ಆಡುತ್ತಿದ್ದರೆಂದೂ, ಹೇಳಿದ್ದರೆ ಅವಳು ಬಿಟ್ಟು ಹೋಗುತ್ತಿದ್ದಳು ಎಂದು ಕೊನೆಯವರೆಗೂ ಹೇಳುತ್ತಿದ್ದರೆಂದೂ ತಿಳಿಸಿದಳು. ನನಗೆ ಮೈಯೆಲ್ಲಾ ಉರಿಯಿತು. ಅಷ್ಟು ವರ್ಷ ಜೊತೆಗಿದ್ದು ನನ್ನನ್ನು ತಿಳಿದದ್ದು ಇಷ್ಟೇನಾ? ಹೂವು ಹಾಕಲು ಹೋದವಳು ಅವರ ಮುಖದ ಹತ್ತಿರ ಬಗ್ಗಿದೆ.

“ಒಂದ್ ಮಾತ್ ಕೇಳಿದ್ರ ಇರ್ತಿದ್ದೆನಲ್ರೀ ಅಕ್ಕಾ,” ಎಂದೆ. “ಕಡೀ ದಿನದ ತನಕಾ ಇರ್ತಿದ್ದೆ. ಕೇಳಬೇಕಿಲ್ಲೇನ್ರಿ?”

ಮೈದುನನ ಹೆಂಡತಿ ನನ್ನ ತೋಳು ಹಿಡಿದು ಎಬ್ಬಿಸಿ, ಬೆನ್ನು ಸವರಿ ಸಮಾಧಾನ ಮಾಡಿದಳು. ನಾನು ಅಳುತ್ತಿದ್ದೇನೆ ಎಂದುಕೊಂಡಿರಬೇಕು. ನಾನು ಜಗಳವಾಡುತ್ತಿದ್ದೆ.