ಗಣಪತಿಯ ಮೂವತ್ತು ಅಂಕ

ಯಶವಂತಪುರದ ಒಂದು ಸಣ್ಣ ಪ್ರೆಸ್ಸಿನಲ್ಲಿ ನಾನು ಪುಟ ಜೋಡಿಸುವ ಕೆಲಸ ಮಾಡುತ್ತಿದ್ದ ಕಾಲ. ಬರುತ್ತಿದ್ದದ್ದೆಲ್ಲ ಕಾಲೇಜು ಮೇಷ್ಟ್ರುಗಳ ಪ್ರಬಂಧಗಳು. ಪುಟಕ್ಕೊಂದು ಕೋಷ್ಟಕ, ಕೋಷ್ಟಕಕ್ಕೊಂದು ಮೊತ್ತ, ಮೊತ್ತಕ್ಕೊಂದು ತಪ್ಪು. ಡಾಕ್ಟರೇಟ್ ಬೇಕು, ಕೂಡೋದು ಮಾತ್ರ ಬೇಡ ಇವರಿಗೆ. ತಿದ್ದಿ ತಿದ್ದಿ ರೋಸಿಹೋಗಿದ್ದಾಗ ಗೆಳತಿಯೊಬ್ಬಳು ಒಂದು ಉಪಾಯ ಹೇಳಿಕೊಟ್ಟಳು. ನಾವು ಬಳಸುತ್ತಿದ್ದ ಲೇಟೆಕ್ ತಂತ್ರಾಂಶದಲ್ಲಿ ಅಂಕಿಗಳ ಜೊತೆ ಲೆಕ್ಕವನ್ನೂ ಕೋಷ್ಟಕದೊಳಗೇ ಬರೆದಿಡಬಹುದಂತೆ. ‘ಮೊದಲ ಸಾಲಿನ ಈ ಮೂರು ಮನೆಗಳನ್ನು ಕೂಡು’ ಎಂದು ಕೊನೆಯ ಮನೆಯಲ್ಲಿ ಬರೆದರೆ ಸಾಕು, ಪುಟ ತಯಾರಾಗುವಾಗ ಅಲ್ಲಿ ಮೊತ್ತ ತಾನಾಗಿ ಬಂದು ಕೂರುತ್ತದೆ.

ಇದನ್ನು ಕಲಿತ ಮೇಲೆ ನನ್ನ ಜಂಬ ಹೇಳತೀರದು. ಮನೆಯಲ್ಲೂ ಇದೇ ಮಾತು. ನಮ್ಮತ್ತೆ ಎರಡು ದಿನ ಸಹಿಸಿಕೊಂಡು ಮೂರನೆಯ ದಿನ, ‘ನಿನ್ನ ಕಂಪ್ಯೂಟರ್ರು ಕೂಡತ್ತೆ, ಸರಿ ಕಣೇ. ಕುಕ್ಕರ್ ಯಾರು ಇಡ್ತಾರೆ?’ ಎಂದರು.

ಅತ್ತೆಗೆ ಬೇರೆ ಚಿಂತೆಯಿತ್ತು. ವಿದ್ಯಾರಣ್ಯಪುರದ ನಮ್ಮ ರಸ್ತೆಗಳಲ್ಲಿ ಸಂಕ್ರಾಂತಿಗೆ ರಂಗೋಲಿ ಸ್ಪರ್ಧೆ ನಡೆಯುತ್ತಿತ್ತು. ಬಡಾವಣೆಯ ಸಂಘದವರು ಕೊಡುವ ಒಂದು ಕಪ್ಪಿಗಾಗಿ ಅತ್ತೆ ಪ್ರತಿ ವರ್ಷ ನವಿಲು ಬಿಡಿಸುತ್ತಿದ್ದರು, ಪ್ರತಿ ವರ್ಷ ಅದು ಎದುರುಮನೆಯಾಕೆಗೆ ಹೋಗುತ್ತಿತ್ತು. ಆಕೆಯೋ, ಅತ್ತೆ ನೆಲಕ್ಕೆ ಕೂತು ಪುಡಿ ಉದುರಿಸುವಷ್ಟು ಹೊತ್ತೂ ತನ್ನ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ‘ಕಣ್ಣು ಹಾಕ್ತಾಳೆ, ಅದಕ್ಕೇ ನನಗೆ ಬರಲ್ಲ’ ಎಂದು ಅತ್ತೆ ಒಳಗೆ ಬಂದ ಕೂಡಲೇ ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕುತ್ತಿದ್ದರು. ಮನೆ ತುಂಬ ಕೆಮ್ಮು. ಸ್ಪರ್ಧೆಗೆ ಹೆಸರು ಕೊಡುವುದರಲ್ಲಿ ಮಾತ್ರ ಅತ್ತೆಯೇ ಮೊದಲು. ಎದುರುಮನೆಯಾಕೆ ಯಾರ‍್ಯಾರು ಕೊಟ್ಟಿದ್ದಾರೆಂದು ನೋಡಿಕೊಂಡು ಕೊನೆಗೆ ಕೊಡುತ್ತಿದ್ದಳು.

ಆ ವರ್ಷ ಫಲಿತಾಂಶದ ಹಾಳೆ ಅಚ್ಚು ಮಾಡಿಕೊಡುವ ಕೆಲಸ ನನ್ನ ಕೊರಳಿಗೆ ಬಿತ್ತು. ಮೂವರು ತೀರ್ಪುಗಾರರು, ತಲಾ ಹತ್ತು ಅಂಕ. ಹೆಸರು ಕೊಟ್ಟ ಕ್ರಮದಲ್ಲೇ ಪಟ್ಟಿ. ಮನೆಯ ಕಂಪ್ಯೂಟರಿನಲ್ಲಿ ಕೋಷ್ಟಕ ಹಾಕಿ, ಒಟ್ಟು ಅಂಕದ ಲೆಕ್ಕವನ್ನು ಸಾಲುಸಾಲಿಗೂ ಬರೆದು ಮುಗಿಸುವಷ್ಟರಲ್ಲಿ ಸಂಘದ ಸೆಕ್ರೆಟರಿ ಬಂದು ಬೆನ್ನ ಹಿಂದೆ ನಿಂತರು. ಕಾರ್ಖಾನೆಯಿಂದ ನಿವೃತ್ತರಾದವರು, ಇನ್ನೂ ಶಿಫ್ಟ್ ಮುಗಿದಿರಲಿಲ್ಲ.

‘ಇದೇನಮ್ಮ, ಮೊದಲ್ನೇ ಸಾಲಲ್ಲೇ ಮನುಷ್ಯರ ಹೆಸರು? ನಮ್ ಸಂಘದಲ್ಲಿ ರಸೀದಿ ಪುಸ್ತಕದಲ್ಲೂ ಮೊದಲ್ನೇದು ಗಣಪತಿಗೇ. ಮೇಲೊಂದು ಸಾಲು ಸೇರ್ಸು.’

‘ಗಣಪತಿ ರಂಗೋಲಿ ಹಾಕಿಲ್ವಲ್ಲ ಅಂಕಲ್?’

‘ಹೆಸರಿರ್ಲಿ.’

‘ಅಂಕ? ಸೊನ್ನೆ ಹಾಕ್ಲಾ?’

ಅವರು ಕೆನ್ನೆ ಕೆನ್ನೆ ಬಡಿದುಕೊಂಡರು. ‘ದೇವ್ರಿಗೆ ಸೊನ್ನೆ ಹಾಕ್ತೀಯೇನಮ್ಮ? ಮೂರು ಕಡೆನೂ ಹತ್ತತ್ತು ಹಾಕು. ಒಟ್ಟು ಬೇಡ, ಅಲ್ಲಿ ಶುಭಂ ಅಂತಿರ್ಲಿ.’

ಹಾಕಿದೆ. ಗಣಪತಿಯನ್ನು ಮೇಲೆ ಕೂರಿಸಿ, ಉಳಿದವರನ್ನೆಲ್ಲ ಒಂದೊಂದು ಮೆಟ್ಟಿಲು ಕೆಳಗಿಳಿಸಿ ಪ್ರಿಂಟ್ ಕೊಟ್ಟೆ. ಹಾಳೆ ಪೂರ್ತಿ ಹೊರಬರುವ ಮೊದಲೇ ಸೆಕ್ರೆಟರಿ ಎಳೆದುಕೊಂಡು ಹೋದರು.

ಸಂಜೆ ಪಾರ್ಕಿನಲ್ಲಿ ಮೈಕು ಹಿಡಿದು ಅವರು ಓದಿದ ಮೊದಲ ಬಹುಮಾನ ನಮ್ಮತ್ತೆಯದು. ಮೂವತ್ತಕ್ಕೆ ಮೂವತ್ತು. ಅತ್ತೆ ಕಪ್ಪನ್ನು ಹಸುಗೂಸಿನಂತೆ ಎದೆಗೊತ್ತಿಕೊಂಡು ಮನೆಗೆ ಬಂದರು. ಎದುರುಮನೆಯಾಕೆ ಎಳ್ಳುಬೆಲ್ಲವನ್ನೂ ಮುಟ್ಟದೆ ಹೋಗಿ ಬಾಗಿಲು ಹಾಕಿಕೊಂಡಳು. ನಿಜ ಹೇಳಬೇಕೆಂದರೆ ನನಗೂ ಖುಷಿಯಾಗಿತ್ತು. ಇನ್ನು ಮೆಣಸಿನಕಾಯಿ ಹೊಗೆ ತಪ್ಪಿತಲ್ಲ.

ಮರುದಿನ ಬೆಳಗ್ಗೆ ಅತ್ತೆ ಕನ್ನಡಕ ಹಾಕಿಕೊಂಡು ಕೂತಿದ್ದರು. ಫಲಿತಾಂಶದ ಹಾಳೆಗೆ ಫ್ರೇಮ್ ಹಾಕಿಸಬೇಕೆಂದು ಕೇಳಿ ತಂದಿದ್ದರು.

‘ಏಯ್, ಇಲ್ಲಿ ಬಾ. ಏಳು, ಆರು, ಎಂಟು. ಎಷ್ಟಾಗತ್ತೆ?’

‘ಇಪ್ಪತ್ತೊಂದು.’

‘ಮತ್ತೆ ಮೂವತ್ತು ಯಾಕಿದೆ?’

ನೋಡಿದೆ. ಅಯ್ಯೋ ದೇವರೇ ಎನ್ನೋಣವೆಂದರೆ ಎಲ್ಲಕ್ಕೂ ಅವನೇ ಕಾರಣ. ಆಫೀಸಿನ ಸ್ಪ್ರೆಡ್‌ಶೀಟಿನಲ್ಲಿ ನಡುವೆ ಸಾಲು ಸೇರಿಸಿದರೆ ಲೆಕ್ಕವೂ ಜೊತೆಗೆ ಸರಿಯುತ್ತದೆ. ನಮ್ಮ ಕೋಷ್ಟಕದಲ್ಲಿ ಹಾಗಲ್ಲ, ಒಮ್ಮೆ ‘ಮೊದಲ ಸಾಲು’ ಎಂದು ಬರೆದರೆ, ಆ ಲೆಕ್ಕ ತಾನು ಎರಡನೆಯ ಸಾಲಿಗಿಳಿದರೂ ಮೊದಲ ಸಾಲನ್ನೇ ನೋಡುತ್ತದೆ. ಅಲ್ಲಿಗೆ ಗಣಪತಿ ಬಂದು ಕೂತಿದ್ದ. ಹೀಗಾಗಿ ಪ್ರತಿಯೊಬ್ಬರಿಗೂ ತಮ್ಮ ಮೇಲಿನವರ ಒಟ್ಟು ಸಿಕ್ಕಿತ್ತು. ಅತ್ತೆಗೆ ಸಿಕ್ಕಿದ್ದು ಗಣಪತಿಯದು. ಕೊನೆಯ ಸಾಲಿನ ಎದುರುಮನೆಯಾಕೆಯ ಇಪ್ಪತ್ತೆಂಟು, ಕೆಳಗೆ ಇನ್ನೊಂದು ಸಾಲಿಲ್ಲದೆ, ಹಾಳೆಯಲ್ಲಿ ಎಲ್ಲೂ ಇರಲಿಲ್ಲ.

ಹೇಳಿದೆ. ಅತ್ತೆ ಕನ್ನಡಕ ಒರೆಸಿ ಹಾಕಿಕೊಂಡು ತಮ್ಮ ಸಾಲನ್ನು ಇನ್ನೊಮ್ಮೆ ಕೂಡಿದರು.

‘ಸುಮ್ನಿದ್ಬಿಡೋಣ ಅತ್ತೆ. ಅಚ್ಚಾಗಿರೋದನ್ನ ಯಾರು ಕೂಡಿ ನೋಡ್ತಾರೆ?’

‘ನಾನು ನೋಡಿದ್ನಲ್ಲೇ.’

ಅಷ್ಟೇ. ಎದ್ದು ಕಪ್ಪನ್ನು ಸೆರಗಿನೊಳಗೆ ಮುಚ್ಚಿಕೊಂಡು ರಸ್ತೆ ದಾಟಿದರು. ನಾನು ಹಾಳೆ ಹಿಡಿದು ಹಿಂದೆ ಓಡಿದೆ.

ಬಾಗಿಲು ತೆಗೆದ ಎದುರುಮನೆಯಾಕೆ ಒಳಗೆ ಬನ್ನಿ ಎನ್ನಲಿಲ್ಲ. ಅತ್ತೆ ಹೊಸಿಲ ಮೇಲೇ ಕಪ್ಪನ್ನು ಇಟ್ಟರು. ‘ಇದು ನಿಮ್ದು ಕಣ್ರೀ. ನನಗೆ ಬಂದಿದ್ದು ಗಣಪತಿ ಮಾರ್ಕ್ಸು. ನಂದು ಬರೀ ಇಪ್ಪತ್ತೊಂದು’ ಎಂದರು.

ಆಕೆಗೆ ತಲೆಬುಡ ತಿಳಿಯಲಿಲ್ಲ. ನಾನು ಹಾಳೆ ತೋರಿಸಿ ಎಲ್ಲ ಬಿಡಿಸಿ ಹೇಳಿದೆ. ಆಕೆಯ ಬೆರಳು ತನ್ನ ಇಪ್ಪತ್ತೆಂಟನ್ನು ಹುಡುಕುತ್ತದೆಂದು ನಾನು ಕಾದಿದ್ದರೆ ಅದು ಮೇಲಕ್ಕೆ ಹೋಗಿ ಅತ್ತೆಯ ಸಾಲಿನಲ್ಲಿ ನಿಂತಿತು.

‘ನವಿಲಿಗೆ ಆರಾ?’ ಆಕೆ ನಿಜಕ್ಕೂ ಸಿಟ್ಟಾಗಿದ್ದಳು. ‘ಯಾರ‍್ರೀ ಆರು ಕೊಟ್ಟೋರು? ಕಣ್ಣು ಕಾಣಲ್ವಾ ಅವರಿಗೆ? ನೀವು ಆ ನವಿಲಿಗೆ ಕಣ್ಣು ಬಿಡಿಸೋದನ್ನ ನೋಡ್ಬೇಕು ಅಂತ ನಾನು ವರ್ಷಾ ವರ್ಷಾ ಒಲೆ ಮೇಲಿನ ಹಾಲು ಉಕ್ಕಿಸಿಕೊಂಡು ಕಿಟಕೀಲಿ ನಿಂತಿರ್ತೀನಿ.’

ಅಷ್ಟು ವರ್ಷ ಸುಟ್ಟ ಮೆಣಸಿನಕಾಯಿಯೆಲ್ಲ ನನ್ನ ನೆನಪಿಗೆ ಬಂದು ನಗು ತಡೆಯಲಾಗಲಿಲ್ಲ. ಅತ್ತೆ ನನ್ನ ಕೈ ಚಿವುಟಿದರು.

ಮುಂದಿನ ಸಂಕ್ರಾಂತಿಗೂ ಪಟ್ಟಿಯ ಮೊದಲ ಸಾಲು ಗಣಪತಿಗೇ ಹೋಯಿತು. ಎರಡನೆಯ ಸಾಲು ಅತ್ತೆಯದಾಗಿರಲಿಲ್ಲ, ಅವರು ಹೆಸರೇ ಕೊಟ್ಟಿರಲಿಲ್ಲ. ನವಿಲು ಮಾತ್ರ ಹಾಕಿದರು. ಮುಗಿಸಿ ಸೊಂಟ ಹಿಡಿದುಕೊಂಡು ಎದ್ದವರು ಎದುರು ಕಿಟಕಿಯತ್ತ ತಿರುಗಿ, ‘ಕಣ್ಣು ಸರಿ ಬಂದಿದೆಯೇನ್ರೀ?’ ಎಂದು ಕೇಳಿದರು.