ಬೆಕ್ಕು ಊಟ ಬಿಟ್ಟ ದಿನ ನಾನಾಡಿದ ಮಾತು

ಕಳೆದ ವಾರ ಬೀರು ಖಾಲಿ ಮಾಡುವಾಗ ಒಂದು ತೋಳಿಲ್ಲದ ಸ್ವೆಟರ್ ಕೈಗೆ ಬಂತು. ಯಜಮಾನರದು, ಕಂದು ಬಣ್ಣದ್ದು. ಎಡಗಡೆಯ ತೋಳು ಭುಜದ ಹತ್ತಿರ ಕತ್ತರಿಸಿಹೋಗಿದೆ. ಮೂಗಿಗೆ ಹಿಡಿದರೆ ನುಸಿಗುಳಿಗೆಯ ವಾಸನೆ, ಬೇರೇನೂ ಇಲ್ಲ. ಆದರೂ ಮರುಗ, ಸೇವಂತಿಗೆ, ಬೇಯಿಸಿದ ಕೋಳಿ ಎಲ್ಲ ಒಟ್ಟಿಗೇ ಮೂಗಿಗೆ ಬಡಿದಂತಾಗಿ ಅಲ್ಲೇ ಮಂಚದ ಮೇಲೆ ಕೂತುಬಿಟ್ಟೆ. ಆ ತೋಳನ್ನು ಕತ್ತರಿಸಿದವಳು ನಾನು. ಕತ್ತರಿಸಿ ಅಂತ ಹೇಳಿದವಳು ನಮ್ಮ ಹೂವಿನಮ್ಮ.

ಆಕೆ ದಿನಾ ಬೆಳಿಗ್ಗೆ ಏಳೂವರೆಗೆ ಮರ್ಫಿ ಟೌನಿನಿಂದ ಜೀವನ್ ಬಿಮಾ ನಗರದ ನಮ್ಮ ಬೀದಿಗೆ ಬರುತ್ತಿದ್ದಳು. ಹದಿನಾಲ್ಕು ವರ್ಷ ಒಂದು ದಿನ ತಪ್ಪದೆ ಹೂವು ಕೊಟ್ಟಳು. ನನ್ನ ವಯಸ್ಸಿನವಳೇ ಇರಬೇಕು, ಆದರೂ ನನ್ನನ್ನು ಅಕ್ಕಾ ಅನ್ನುತ್ತಿದ್ದಳು. ಕನ್ನಡದ ನಡುವೆ ತಮಿಳು ನುಸುಳುತ್ತಿತ್ತು. ಮೊಳ ಹಾಕುವಾಗ ಕೈ ಧಾರಾಳ. ಹೆಸರು ಕೇಳಿದ್ದೆನೋ ಇಲ್ಲವೋ... ಕೇಳಿದ್ದರೂ ನೆನಪಿಲ್ಲ. ಹೂವಿನಮ್ಮ ಅಂದರೆ ಸಾಕಾಗುತ್ತಿತ್ತು.

ನಮ್ಮ ಬೆಕ್ಕಿನ ಹೆಸರು ಮ್ಯಾನೇಜರ್. ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ನಾನು ಕಂಡ ಮ್ಯಾನೇಜರುಗಳ ಹಾಗೆ, ತಾನೇನೂ ಮಾಡದೆ ಎಲ್ಲರ ಕೆಲಸದ ಮೇಲೂ ಕಣ್ಣಿಟ್ಟು ಮಲಗಿರುತ್ತಿದ್ದ. ನಾಲ್ಕು ವರ್ಷದ ಹಿಂದೆ ಒಂದು ಶನಿವಾರ ಬೆಳಿಗ್ಗೆಯಿಂದ ವಾಂತಿ ಶುರುವಾಯಿತು. ಭಾನುವಾರ ನೀರೂ ನಿಲ್ಲಲಿಲ್ಲ. ಹೊಟ್ಟೆ ಮುಟ್ಟಿದರೆ ಗುರ್ ಅನ್ನುವನು. ಸೋಮವಾರ ಬುಟ್ಟಿಯಲ್ಲಿಟ್ಟುಕೊಂಡು ಇಂದಿರಾನಗರದ ಪ್ರಾಣಿಗಳ ಡಾಕ್ಟರ ಹತ್ತಿರ ಓಡಿದೆವು. ಸ್ಕ್ಯಾನ್ ಮಾಡಿದವರೇ, ಈಗಲೇ ಕುಯ್ಯಬೇಕು ಅಂದರು.

ಆಪರೇಷನ್ ಮುಗಿಸಿ ಹೊರಗೆ ಬಂದ ಡಾಕ್ಟರ ಕೈಯಲ್ಲಿ ಒಂದು ಸ್ಟೀಲ್ ತಟ್ಟೆ ಇತ್ತು. ಅದರಲ್ಲಿ ಮೊಳದುದ್ದದ ಬಿಳಿ ದಾರ. ಲಂಗದ ಲಾಡಿ ಎಳೆದರೆ ಬಟ್ಟೆ ನೆರಿಗೆ ಕಟ್ಟುತ್ತದಲ್ಲ, ಈ ದಾರ ಕರುಳನ್ನು ಹಾಗೆ ಮಾಡಿತ್ತಂತೆ. ದಾರದ ತುದಿಯಲ್ಲಿ ಒಂದು ಕನಕಾಂಬರದ ತೊಟ್ಟು ಇನ್ನೂ ಸಿಕ್ಕಿಕೊಂಡಿತ್ತು. ಬಾಡಿದ ದೇವರ ಹೂವನ್ನು ನಮ್ಮ ಮನೆಯಲ್ಲಿ ಕಸಕ್ಕೆ ಹಾಕುವುದಿಲ್ಲ, ಯಾರ ಕಾಲಿಗೂ ಸಿಗಬಾರದು ಅಂತ. ನಾನು ಅದನ್ನು ದಿನಾ ಬಾಲ್ಕನಿಯ ದಾಸವಾಳದ ಕುಂಡದ ಬುಡಕ್ಕೆ ಹಾಕುತ್ತಿದ್ದೆ, ದಾರದ ಸಮೇತ. ಶುಕ್ರವಾರ ಅಭಿಷೇಕದ ಹಾಲು ತುಪ್ಪ ಬೇರೆ ಅದಕ್ಕೆ ಅಂಟಿರುತ್ತಿತ್ತು. ಬೆಕ್ಕು ಬಿಡುತ್ತದೆಯೇ? ನನ್ನ ಭಕ್ತಿಯೇ ಆ ಪ್ರಾಣಿಯ ಕರುಳಿಗೆ ಉರುಳಾಗಿತ್ತು.

ತಪ್ಪು ನನ್ನದು. ಬೈದದ್ದು ಮಾತ್ರ ಹೂವಿನಮ್ಮನನ್ನು. ಮಾರನೇ ದಿನ ಬೆಳಿಗ್ಗೆ ಗೇಟಿನ ಹತ್ತಿರವೇ, ನೋಡು ನಿನ್ನ ದಾರ ಏನು ಮಾಡಿತು ಅಂತ ರೇಗಿದೆ. ಆಕೆ ಬಿಳಿಚಿಕೊಂಡಳು. “ಅಯ್ಯೋ ಪಾವಂ” ಅಂದು ಬುಟ್ಟಿ ಕೆಳಗಿಟ್ಟಳು. ಬುಧವಾರದಿಂದ ನಮ್ಮ ಮನೆಗೆಂದೇ ಬಾಳೆನಾರಿನಲ್ಲಿ ಕಟ್ಟಿದ ಹೂವು ಬಂತು. ಆ ದಿನವೇ ಮ್ಯಾನೇಜರ್ ಕೂಡ ಮನೆಗೆ ಬಂದ, ಹೊಟ್ಟೆಯ ಕೂದಲು ಬೋಳಿಸಿಕೊಂಡು, ಹೊಲಿಗೆ ನೆಕ್ಕದ ಹಾಗೆ ಕುತ್ತಿಗೆಗೆ ಪ್ಲಾಸ್ಟಿಕ್ ಆಲಿಕೆ ಕಟ್ಟಿಸಿಕೊಂಡು. ಅದನ್ನು ಹಾಕಿಕೊಂಡು ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದ, ಬಟ್ಟಲಿಗೆ ಬಾಯಿ ಹಾಕಲಾಗುತ್ತಿರಲಿಲ್ಲ. ಸ್ವೆಟರಿನ ತೋಳು ಕತ್ತರಿಸಿ ನಾಲ್ಕು ಕಾಲಿಗೆ ತೂತು ಮಾಡಿ ಅಂಗಿ ಹಾಗೆ ತೊಡಿಸಿ ಅಂದವಳು ಹೂವಿನಮ್ಮ. ಡಾಕ್ಟರೂ ಆಗಬಹುದು ಅಂದರು.

ಅವತ್ತಿನಿಂದ ಆಕೆ ಒಳಗೇ ಬರತೊಡಗಿದಳು. ಡಾಕ್ಟರು ಬೇಯಿಸಿದ ಕೋಳಿಯನ್ನು ನುಣ್ಣಗೆ ರುಬ್ಬಿ ಚಮಚ ಚಮಚ ಕೊಡಿ ಅಂದಿದ್ದರು. ನಮ್ಮ ಅಡುಗೆಮನೆಗೆ ಕೋಳಿ ಬರುವಂತಿಲ್ಲ. ಆಕೆ ತನ್ನ ಮನೆಯಲ್ಲಿ ಉಪ್ಪು, ಅರಿಶಿನ ಏನೂ ಹಾಕದೆ ಬೇಯಿಸಿ ರುಬ್ಬಿ ಡಬ್ಬಿಯಲ್ಲಿ ತರುತ್ತಿದ್ದಳು. ಬಾಲ್ಕನಿಯಲ್ಲಿ ಕೂತು ತೊಡೆಯ ಮೇಲೆ ಅವನನ್ನು ಒರಗಿಸಿಕೊಂಡು ತಿನ್ನಿಸುವಳು. ನಾನು ಮೂಗಿಗೆ ಸೆರಗು ಹಿಡಿದು ನಿಂತಿದ್ದರೆ ಆಕೆಗೆ ನಗು.

ಪ್ರಶ್ನೆಗಳೋ, ಮುಗಿಯುತ್ತಿರಲಿಲ್ಲ. ಕುಯ್ಯುವಾಗ ಗೊತ್ತಾಗುತ್ತಾ, ಎಚ್ಚರ ಆದಾಗ ಕಿರುಚಿತಾ, ಕಕ್ಕಸು ಮಾಡಿತಾ, ಮಾಡುವಾಗ ನೋವಾಯಿತಾ... ಒಂದು ದಿನ ಹೊಲಿಗೆಯ ಉದ್ದವನ್ನು ಬೆರಳಿನಲ್ಲಿ ಅಳೆದು, “ಇಷ್ಟೇನಾ ಅಕ್ಕಾ? ಒಂದು ಗೇಣೂ ಇಲ್ಲ” ಅಂದಳು. ಪಾಪ, ಆಕೆಗೆ ತಪ್ಪಿತಸ್ಥ ಭಾವನೆ ಇರಬೇಕು ಅಂದುಕೊಂಡು ನಾನು ಉತ್ತರ ಕೊಡುತ್ತಿದ್ದೆ.

ಎಂಥ ದಡ್ಡಿ ನಾನು. ಆಗ ನಮ್ಮ ಬಾಲ್ಕನಿಯಲ್ಲಿ ಎರಡು ಜೀವಗಳ ತೀರ್ಮಾನ ಆಗುತ್ತಿತ್ತು. ಹೂವಿನಮ್ಮನ ಕರುಳಿನಲ್ಲಿ ಗೆಡ್ಡೆ ಇತ್ತು. ಕುಯ್ದು ತೆಗೆಯಬೇಕು ಅಂತ ದೊಡ್ಡ ಆಸ್ಪತ್ರೆಯಲ್ಲಿ ದಿನವನ್ನೂ ಗೊತ್ತು ಮಾಡಿದ್ದರು. ಹೋಗುವುದೋ ಬೇಡವೋ ಅಂತ ಆಕೆ ನನ್ನ ಬೆಕ್ಕನ್ನು ನೋಡಿ ಯೋಚಿಸುತ್ತಿದ್ದಳು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆಕೆ ಬಾಯಿ ಬಿಟ್ಟು ಹೇಳಲಿಲ್ಲ, ಬಾಡುತ್ತಿದ್ದ ಆಕೆಯ ಮುಖವನ್ನು ನಾನೂ ನೋಡಲಿಲ್ಲ. ನನ್ನ ಕಣ್ಣೆಲ್ಲ ಬೆಕ್ಕಿನ ಮೇಲೆ.

ಆಪರೇಷನ್ ಆದ ಆರನೇ ದಿನ ಮ್ಯಾನೇಜರ್ ಊಟ ಬಿಟ್ಟ. ಬಾಯಿಗಿಟ್ಟದ್ದನ್ನೆಲ್ಲ ಉಗುಳಿ ಮಂಚದ ಕೆಳಗೆ ಮೂಲೆ ಸೇರಿದ. ಒಳಗಿನ ಹೊಲಿಗೆ ಬಿಟ್ಟರೆ ಉಳಿಯುವುದು ಕಷ್ಟ ಅಂತ ಡಾಕ್ಟರು ಮೊದಲೇ ಹೇಳಿದ್ದರು. ನಾನು ನಿದ್ದೆಗೆಟ್ಟಿದ್ದೆ. ಹೂವಿನಮ್ಮ ಡಬ್ಬಿ ಹಿಡಿದು ಬಂದು, ತಿಂತಾ ಅಕ್ಕಾ ಅಂದಳು. ನನ್ನ ಬಾಯಿಗೆ ಏನು ಬಡಿದಿತ್ತೋ.

“ಕುಯ್ಯಿಸ್ಲೇಬಾರ್ದಿತ್ತು. ಹೊಟ್ಟೆ ಕುಯ್ದ ಮೇಲೆ ಯಾವ ಜೀವಾನೂ ಮೊದಲಿನ ಥರ ಆಗಲ್ಲ. ಸುಮ್ನೆ ಬಿಟ್ಟಿದ್ರೆ ನೆಮ್ಮದಿಯಾಗಿ ಹೋಗಿರೋದು” ಅಂದೆ.

“ಹೌದಾ ಅಕ್ಕಾ?”

“ಹೌದು, ಮತ್ತಿನ್ನೇನು.”

ಆಕೆ ಡಬ್ಬಿಯನ್ನು ಬಾಲ್ಕನಿಯಲ್ಲಿಟ್ಟು, ಬರ್ತೀನಿ ಅಂತ ಹೇಳಿ ಮೆಟ್ಟಿಲಿಳಿದಳು.

ಮಧ್ಯಾಹ್ನ ಡಾಕ್ಟರು ಮುಟ್ಟಿ ನೋಡಿ, ಹೊಲಿಗೆ ಗಟ್ಟಿಯಾಗಿದೆ, ಮಾತ್ರೆ ಹೊಟ್ಟೆಗೆ ಆಗುತ್ತಿಲ್ಲ ಅಷ್ಟೇ ಅಂದರು. ಮಾತ್ರೆ ನಿಲ್ಲಿಸಿ ಇಂಜೆಕ್ಷನ್ ಕೊಟ್ಟರು. ಸಂಜೆ ಮ್ಯಾನೇಜರ್ ತಾನಾಗಿಯೇ ಹೊರಗೆ ಬಂದು ಹೂವಿನಮ್ಮನ ಡಬ್ಬಿಯಲ್ಲಿದ್ದದ್ದನ್ನು ಪೂರ್ತಿ ನೆಕ್ಕಿದ. ನಾನು ಕುಣಿಯುವುದೊಂದು ಬಾಕಿ. ಬೆಳಿಗ್ಗೆ ಆಕೆ ಬಂದ ಕೂಡಲೇ ಹೇಳಬೇಕು ಅಂತ ಕಾದೆ. ಬರಲಿಲ್ಲ. ಮಾರನೇ ದಿನವೂ ಇಲ್ಲ. ದಿನಾ ಮನೆ ಬಾಗಿಲಿಗೆ ಬರುವವಳ ಫೋನ್ ನಂಬರ್ ಯಾರು ತೆಗೆದುಕೊಂಡಿರುತ್ತಾರೆ? ವಾರ ಕಳೆಯಿತು. ಕಷ್ಟ ಇದ್ದಾಗ ಬಂದು ಈಗ ಮುಖ ತೋರಿಸದೆ ಹೋದಳಲ್ಲ ಅಂತ ನನಗೆ ಸಿಟ್ಟು ಬಂತು. ಬೇರೆಯವರ ಹತ್ತಿರ ಹೂವು ಗೊತ್ತು ಮಾಡಿಕೊಂಡೆ.

ಮೂರು ತಿಂಗಳಾದ ಮೇಲೆ ಗೇಟಿನ ಹತ್ತಿರ ಒಬ್ಬ ಹೆಂಗಸು ಬುಟ್ಟಿ ಹೊತ್ತು ನಿಂತಿದ್ದಳು. ಮೂವತ್ತರ ಆಸುಪಾಸು, ಅದೇ ಹಣೆ, ಅದೇ ಮೂಗು. ಹೂವಿನಮ್ಮನ ಮಗಳು ಅಂತ ಹೇಳಿಕೊಂಡಳು. ಅಮ್ಮ ಎಲ್ಲಮ್ಮಾ, ನಮ್ಮನ್ನು ಮರೆತೇಬಿಟ್ಟಳಾ ಅಂತ ನಾನು ನಗುತ್ತಲೇ ಕೇಳಿದೆ.

“ಅಮ್ಮ ಹೋಗ್ಬಿಟ್ರು ಅಕ್ಕಾ. ಇಪ್ಪತ್ತು ದಿನ ಆಯ್ತು.”

ನನ್ನ ನಗು ಮುಖದ ಮೇಲೆ ಹಾಗೇ ನಿಂತುಹೋಯಿತು. ಗೆಡ್ಡೆಯ ವಿಷಯ, ಆಸ್ಪತ್ರೆಯ ದಿನದ ವಿಷಯ ಎಲ್ಲವನ್ನೂ ಅವಳು ಅಲ್ಲೇ ನಿಂತು ಹೇಳಿದಳು. ಬೇಗ ಕುಯ್ಯಿಸಿದ್ದರೆ ಉಳಿಯುತ್ತಿದ್ದರು ಅಂತ ಡಾಕ್ಟರು ಅಂದರಂತೆ. ಮನೆಯವರೆಲ್ಲ ಕಾಲು ಹಿಡಿದರೂ ಆಕೆ ಆಸ್ಪತ್ರೆಗೆ ಹೊರಡಲಿಲ್ಲವಂತೆ. ಆಮೇಲೆ ಅವಳು ಕೇಳಿದಳು.

“ನಿಮ್ ಬೆಕ್ಕು ಯಾವತ್ತು ಹೋಯ್ತು ಅಕ್ಕಾ? ಅದು ಉಳಿಯಲ್ಲ, ಹೊಟ್ಟೆ ಕುಯ್ದ ಮೇಲೆ ಯಾರೂ ಉಳಿಯಲ್ಲ, ಓದಿರೋ ಅಕ್ಕಾನೇ ಹೇಳಿದ್ರು ಅಂತಿದ್ರು ಅಮ್ಮ.”

ಗೇಟಿನ ಕಂಬಿ ಹಿಡಿದು ನಿಂತೆ. ಅಷ್ಟರಲ್ಲಿ ಮ್ಯಾನೇಜರ್ ಮೆಟ್ಟಿಲಿಳಿದು ಬಂದು, ಬಾಲ ಎತ್ತಿಕೊಂಡು ಅವಳ ಕಾಲಿಗೆ ಮೈ ಉಜ್ಜಿದ. ಹೊಟ್ಟೆಯ ಕೂದಲು ಪೂರ್ತಿ ಬೆಳೆದಿತ್ತು. ಅವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಎರಡು ಮೊಳ ಸೇವಂತಿಗೆ ಅಳೆದು ನನ್ನ ಕೈಯಲ್ಲಿಟ್ಟು ಮುಂದಿನ ಮನೆಗೆ ಹೋದಳು. ಮತ್ತೆ ನಮ್ಮ ಬೀದಿಗೆ ಬರಲಿಲ್ಲ.

ಮ್ಯಾನೇಜರಿಗೆ ಈಗ ಹನ್ನೊಂದು ವರ್ಷ. ಎರಡು ಹಲ್ಲು ಬಿದ್ದಿವೆ, ಗತ್ತು ಕಡಿಮೆಯಾಗಿಲ್ಲ. ದುಃಖದಲ್ಲಿ ಬಾಯಿಗೆ ಬಂದ ಮಾತದು, ಬೆಕ್ಕಿನ ಬಗ್ಗೆ ಹೇಳಿದ್ದು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂತ ಯಜಮಾನರು ಅನ್ನುತ್ತಾರೆ. ಇರಬಹುದು. ಆದರೆ ಆ ಮಾತು ಸುಳ್ಳು ಅಂತ ನನಗೆ ಅದೇ ಸಂಜೆ ಗೊತ್ತಾಗಿತ್ತು. ಆಕೆಯ ಆಸ್ಪತ್ರೆಯ ದಿನಕ್ಕೆ ಇನ್ನೂ ನಾಲ್ಕು ದಿನ ಇತ್ತಂತೆ. ಮರ್ಫಿ ಟೌನು ನಮ್ಮ ಮನೆಯಿಂದ ಆಟೋದಲ್ಲಿ ಕಾಲು ಗಂಟೆ. ಆ ನಾಲ್ಕು ದಿನವೂ ನಾನು ಬಾಲ್ಕನಿಯಲ್ಲಿ ನಿಂತು, ಇವತ್ತೂ ಬರಲಿಲ್ಲವಲ್ಲ ಅಂತ ಆಕೆಯನ್ನು ಬೈದುಕೊಳ್ಳುತ್ತಿದ್ದೆ.