ಹತ್ತು ಗಂಟೆಯ ಸರ್ವಿಸ್

ಭಾವ ತೀರಿಕೊಂಡು ತಿಂಗಳಾದಾಗ ಅವರ ಹೆಸರಿನಲ್ಲಿ ಪೂಜೆಯಿಟ್ಟಿದ್ದರು. ನಾನು ಹಿಂದಿನ ದಿನವೇ ಶಿರಸಿಯಿಂದ ಯಲ್ಲಾಪುರಕ್ಕೆ ಹೋಗಿದ್ದೆ. ಅಕ್ಕನಿಗೂ ನನಗೂ ನಿದ್ದೆಯಿಲ್ಲ. ಇಗರ್ಜಿಯ ಬೆಂಚಿನಲ್ಲಿ ಒಬ್ಬರಿಗೊಬ್ಬರು ಆತು ಕೂತಿದ್ದೆವು. ಅಕ್ಕ ಎಂದರೆ ನನ್ನ ದೊಡ್ಡಮ್ಮನ ಮಗಳು, ಭಾವನ ಹೆಂಡತಿ. ದೊಡ್ಡ ಯುದ್ಧದಲ್ಲಿ ಬಸ್ರಾಕ್ಕೆ ಹೋಗಿ ಬಂದ ಭಾವ ಊರಿಗೆಲ್ಲ ಹವಾಲ್ದಾರರು.

ನಮ್ಮೆದುರು ಕರಿ ಬಟ್ಟೆ ಹೊದಿಸಿದ ಮೇಜು, ಅದರ ಮೇಲೆ ಭಾವನ ಟೊಪ್ಪಿ, ಪದಕ. ಮಾಸಿದ ರಿಬ್ಬನ್ನಿಗೂ ಅಕ್ಕ ಇಸ್ತ್ರಿ ಮಾಡಿದ್ದಳು. ಹಿಂದಿನ ಬೆಂಚುಗಳೆಲ್ಲ ಖಾಲಿ.

ಅಕ್ಕನ ತಮ್ಮ ಮುಂಬಯಿಯಿಂದ ಬಂದಿದ್ದ. ಅವಳನ್ನು ಅಲ್ಲಿಗೇ ಕರೆದೊಯ್ಯಬೇಕೆಂದು ಅವನ ಹಟ. ಇಲ್ಲಿ ತನಗೆ ಜನ ಇದ್ದಾರೆ ಎಂದು ಅವಳ ಹಟ.

"ನೋಡ್ದೆಯಾ ಅಕ್ಕ? ನನ್ನ ಜನ, ನನ್ನ ಜನ ಅಂತಿದ್ದೆ. ಒಂದು ನರಪಿಳ್ಳೆ ಬಂತಾ?"

ಅಕ್ಕ ಖಾಲಿ ಬೆಂಚುಗಳ ಕಡೆ ತಿರುಗಿ ನೋಡಿದಳು. ಆಮೇಲೆ, "ಆಯ್ತು ಮಾರಾಯ. ಬರ್ತೇನೆ ಬಿಡು," ಎಂದಳು. ವಾದ ಮಾಡುವ ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.

ಪಾದ್ರಿಗಳು ಪೂಜೆ ಶುರು ಮಾಡಿದರು. ಅಷ್ಟರಲ್ಲಿ ಮೋಟಾರು ಸ್ಟ್ಯಾಂಡಿನಿಂದ ಹಾರ್ನ್ ಕೇಳಿತು. ನಿಂತು, ಮತ್ತೆ ಕೇಳಿತು. ಸ್ವಲ್ಪ ಹೊತ್ತಿಗೆ ಹುಬ್ಬಳ್ಳಿ ಮೋಟಾರಿನ ಸಾಹೇಬರೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಭಾವನ ಜೊತೆ ಇಸ್ಪೀಟು ಆಡುತ್ತಿದ್ದ ಡ್ರೈವರು.

"ಏನ್ ಬಾಯೋರೆ, ಎಷ್ಟೊತ್ತು ನಿಲ್ಲಿಸ್ಲಿ? ಗಾಡಿಯೊಳಗಿದ್ದ ಮಂದಿ ನನ್ನ ತಲೆ ತಿಂತಿದಾರೆ. ಮುಂದಿನ ಸೀಟು ನಿಮಗೇ ಅಂತ ಇಟ್ಟೀನಿ."

ಅವರ ಬೆನ್ನಿಗೆ ಬಾಗಿಲ ತುಂಬ ಕೇರಿಯ ಹೆಂಗಸರು. ಕೈಯಲ್ಲಿ ಅವಲಕ್ಕಿಯ ಗಂಟು, ಬಾಯಿಗೆ ಬಟ್ಟೆ ಕಟ್ಟಿದ ಉಪ್ಪಿನಕಾಯಿ ಭರಣಿ.

ಆಗ ತಿಳಿಯಿತು. ಹಿಂದಿನ ದಿನ ಅಕ್ಕನ ತಮ್ಮ ಮನೆಮನೆಗೆ ಹೋಗಿ, "ನಾಳೆ ಹತ್ತಕ್ಕೆ ನಮ್ಮಕ್ಕನ ಸರ್ವಿಸ್, ಎಲ್ಲರೂ ಬರಬೇಕು," ಎಂದು ಹೇಳಿ ಬಂದಿದ್ದ. ಪೂಜೆಗೆ ಸರ್ವಿಸ್ ಎನ್ನುವುದು ಅವನ ಆಫೀಸಿನ ಇಂಗ್ಲಿಷ್. ನಮ್ಮ ಕಡೆ ಸರ್ವಿಸ್ ಎಂದರೆ ಮೋಟಾರು ಬಸ್ಸು, ಅದೊಂದೇ. ಅಕ್ಕ ಊರು ಬಿಟ್ಟು ಹೊರಟಳೆಂದು ಕಳಿಸಿಕೊಡಲು ಊರೆಲ್ಲ ಸ್ಟ್ಯಾಂಡಿನಲ್ಲಿ ಕಾದಿತ್ತು.

"ಅಯ್ಯ ದೇವ್ರೆ, ಹೊರಡದಲ್ದ?" ಪಕ್ಕದ ಮನೆಯ ಹೆಂಗಸು ಮೂಗು ಒರೆಸಿಕೊಂಡಳು. "ಆನು ಬೆಳಗ್ಗಿಂದ ಅತ್ತಿದ್ದೆಲ್ಲ ದಂಡ ಆತಲೆ! ಪೂಜೆ ಅಂತ ಹೇಳಲೆ ಎಂತಾಗಿತ್ತು ನಿನ್ನ ತಮ್ಮಂಗೆ?"

ಪೂಜೆಯ ನೇಮವೆಂದು ಮಧ್ಯರಾತ್ರಿಯಿಂದ ನೀರೂ ಮುಟ್ಟದ ಪಾದ್ರಿಗಳು ಪುಸ್ತಕದಲ್ಲಿ ಬೆರಳಿಟ್ಟು ನಮ್ಮನ್ನೇ ನೋಡುತ್ತಿದ್ದರು.

"ಬರ್ತೀರೋ ಇಲ್ವೋ?" ಎಂದರು ಸಾಹೇಬರು.

"ಇಲ್ಲ ಸಾಹೇಬ್ರೆ. ನಾನು ಎಲ್ಲಿಗೂ ಹೋಗೂದಿಲ್ಲ. ನೀವು ಗಾಡಿ ಬಿಡಿ."

ಅವಳ ತಮ್ಮ ಏನೋ ಹೇಳಲು ಹೊರಟ. ಅಕ್ಕ ಅವನ ಕಡೆ ತಿರುಗಲಿಲ್ಲ. ಸಾಹೇಬರು ಮೇಜಿನ ಮೇಲಿನ ಟೊಪ್ಪಿಗೆ ಸಲಾಮು ಮಾಡಿ ಹೊರಟರು. ಹೆಂಗಸರು ಗಂಟುಗಳನ್ನು ಮಡಿಲಲ್ಲಿಟ್ಟುಕೊಂಡು ಬೆಂಚು ತುಂಬ ಕೂತರು. ನಾವು ಎದ್ದಾಗ ಏಳುವರು, ಕೂತಾಗ ಕೂರುವರು. ಧೂಪದ ಜೊತೆ ಮಾವಿನ ಮಿಡಿಯ ವಾಸನೆ.

ದಾರಿಗೆಂದು ಕಟ್ಟಿದ್ದನ್ನು ಮನೆಗೆ ವಾಪಸು ಒಯ್ಯಲು ಯಾರೂ ಒಪ್ಪಲಿಲ್ಲ. ಎಲ್ಲವೂ ತಮ್ಮನ ಚೀಲಕ್ಕೆ ಸೇರಿತು. ಮರುದಿನ ಅವನನ್ನು ಮೋಟಾರಿಗೆ ಹತ್ತಿಸಿ ಬಂದವಳು ನಾನೇ. ಅಕ್ಕನಿಗೆ ಎಚ್ಚರವೇ ಇರಲಿಲ್ಲ. ಕರಿ ಸೀರೆಯನ್ನೂ ಬದಲಿಸದೆ ಚಾಪೆಯ ಮೇಲೆ ನಿದ್ದೆ ಹೋಗಿದ್ದಳು.